ಇಂಗ್ಲಿಷ್ ವಾಕ್ಯ ಸರಿಯೋ ತಪ್ಪೋ, ತೀರ್ಮಾನಿಸುವುದು ಹೇಗೆ?

ಪ್ರಶ್ನೆ: ಕಚೇರಿಯ ಮೇಲ್ ಒಂದರಲ್ಲಿ ನಾನು 'ದ ಲಿಸ್ಟ್ ಆಫ್ ದ ಡಾಕ್ಯುಮೆಂಟ್ಸ್ ಸಬ್‌ಮಿಟೆಡ್ ಬೈ ದ ಕ್ಯಾಂಡಿಡೇಟ್ಸ್ ಆರ್ ಅಟ್ಯಾಚ್ಡ್' ಎಂದು ಬರೆದೆ. ಕಂಪ್ಯೂಟರ್ ಕೆಂಪು ಗೆರೆ ಎಳೆಯಲಿಲ್ಲ. ಒಬ್ಬ ಸಹೋದ್ಯೋಗಿ ತಪ್ಪು ಎಂದರು, ಇನ್ನೊಬ್ಬರು ಸರಿ ಎಂದರು. ಎಷ್ಟು ಸಲ ಓದಿದರೂ ನನ್ನ ಕಿವಿಗೆ ಸರಿಯಾಗಿಯೇ ಕೇಳಿಸುತ್ತದೆ. ಯಾರನ್ನೂ ಕೇಳದೆ, ಇಂಗ್ಲಿಷ್ ವಾಕ್ಯವೊಂದು ವ್ಯಾಕರಣಬದ್ಧವಾಗಿದೆಯೇ ಎಂದು ನಾನೇ ತೀರ್ಮಾನಿಸುವ ದಾರಿ ಇದೆಯೇ?

ಉತ್ತರ: ನಿಮ್ಮ ವಾಕ್ಯ ತಪ್ಪು. 'ಆರ್' ಇರುವ ಕಡೆ 'ಈಸ್' ಬರಬೇಕು. ಲಗತ್ತಾಗಿರುವುದು ಪಟ್ಟಿ, ಪಟ್ಟಿ ಒಂದೇ. ಅಭ್ಯರ್ಥಿಗಳು ನೂರು ಮಂದಿ ಇರಲಿ, ದಾಖಲೆಗಳು ಸಾವಿರ ಇರಲಿ, ಪಟ್ಟಿ ಏಕವಚನವೇ.

ಅದು ನಿಮ್ಮ ಕಿವಿಗೆ ಸರಿಯೆನಿಸಿದ್ದೇಕೆ ಎಂಬುದರಲ್ಲೇ ನೀವು ಕೇಳಿದ ದಾರಿಯೂ ಇದೆ. ಅದೇ ಮಾತನ್ನು ಕನ್ನಡದಲ್ಲಿ ಹೇಳಿ ನೋಡಿ: 'ಅಭ್ಯರ್ಥಿಗಳು ಸಲ್ಲಿಸಿದ ದಾಖಲೆಗಳ ಪಟ್ಟಿ ಇಲ್ಲಿದೆ.' ಇಲ್ಲಿ 'ಇಲ್ಲಿವೆ' ಎಂದು ಯಾರೂ ಎಡವುವುದಿಲ್ಲ. ಕನ್ನಡದಲ್ಲಿ ವಿವರಗಳೆಲ್ಲ ಮುಂಚೆ ಬಂದುಹೋಗಿ, ಯಜಮಾನ ಪದ ಕೊನೆಗೆ ಕ್ರಿಯಾಪದದ ಮಗ್ಗುಲಲ್ಲೇ ಕೂರುತ್ತದೆ. ಇಂಗ್ಲಿಷಿನದು ತಿರುಗುಮುರುಗು. ಯಜಮಾನ ಮುಂದೆ ಹೋಗಿಬಿಡುತ್ತಾನೆ, ಸಾಮಾನು ಸರಂಜಾಮು ಹಿಂದಿನಿಂದ ಬರುತ್ತದೆ. ನಿಮ್ಮ ವಾಕ್ಯದಲ್ಲಿ 'ಲಿಸ್ಟ್'ಗೂ ಅದರ ಕ್ರಿಯಾಪದಕ್ಕೂ ನಡುವೆ ಏಳು ಪದಗಳಿವೆ. ಅಷ್ಟು ದೂರ ಬರುವಷ್ಟರಲ್ಲಿ 'ಲಿಸ್ಟ್' ಮರೆತುಹೋಗಿ, ಪಕ್ಕದಲ್ಲಿದ್ದ 'ಕ್ಯಾಂಡಿಡೇಟ್ಸ್' ಕ್ರಿಯಾಪದವನ್ನು ತನ್ನತ್ತ ಎಳೆದುಕೊಂಡಿತು. ಭಾಷಾವಿಜ್ಞಾನಿಗಳು ಇದನ್ನು 'ಅಟ್ರ್ಯಾಕ್ಷನ್', ಅಂದರೆ ಸೆಳೆತ, ಎಂದೇ ಕರೆಯುತ್ತಾರೆ. ಇಂಗ್ಲಿಷನ್ನೇ ಮನೆಮಾತಾಗಿ ಆಡುವವರೂ ಈ ಸೆಳೆತಕ್ಕೆ ಸಿಕ್ಕಿಬೀಳುತ್ತಾರೆ.

ಹಾಗಾಗಿ ಕಿವಿಯನ್ನು ಪಕ್ಕಕ್ಕಿಡಿ. ವಾಕ್ಯದಲ್ಲಿ ಒಂದನ್ನೊಂದು ಅವಲಂಬಿಸಿದ ಪದಗಳು ಯಾವುವು ಎಂದು ಹುಡುಕಿ, ನಡುವಿನದನ್ನು ತೆಗೆದು, ಅವನ್ನು ಅಕ್ಕಪಕ್ಕ ತಂದು ನಿಲ್ಲಿಸಿ. 'ದ ಲಿಸ್ಟ್ ಆರ್ ಅಟ್ಯಾಚ್ಡ್.' ಈಗ ತಪ್ಪು ಕಣ್ಣಿಗೆ ಹೊಡೆಯುತ್ತದೆ. ಮುಂದೆ ಹೇಳುವುದರಲ್ಲಿ ಬಹುಪಾಲು ಇದೇ ಕೆಲಸದ ಬೇರೆಬೇರೆ ರೂಪ.

ಕ್ರಿಯಾಪದಗಳನ್ನು ಮೊದಲು ಎಣಿಸಿ

ವಾಕ್ಯದಲ್ಲಿ ಕಾಲವನ್ನು ಹೊತ್ತಿರುವ ಪೂರ್ಣ ಕ್ರಿಯಾಪದಗಳಿಗೆ ಗೆರೆ ಹಾಕಿ. ಯಾವುದು ಪೂರ್ಣ, ಯಾವುದು ಅಲ್ಲ ಎಂದು ತಿಳಿಯಲು ವಾಕ್ಯವನ್ನು ವರ್ತಮಾನದಿಂದ ಭೂತಕಾಲಕ್ಕೆ ತಿರುಗಿಸಿ. ನಿಮ್ಮ ವಾಕ್ಯದಲ್ಲಿ 'ಆರ್' ಹೋಗಿ 'ವರ್' ಆಗುತ್ತದೆ, 'ಸಬ್‌ಮಿಟೆಡ್' ಇದ್ದಲ್ಲೇ ಇರುತ್ತದೆ. ಬದಲಾದದ್ದೇ ಪೂರ್ಣ ಕ್ರಿಯಾಪದ.

'ಸಬ್‌ಮಿಟೆಡ್'ನಂಥ ಪದಗಳು ಮೋಸ ಮಾಡುವುದು ಅವುಗಳ ಭೂತಕಾಲದ ರೂಪ ಮತ್ತು ಕೃದಂತ (ಪಾಸ್ಟ್ ಪಾರ್ಟಿಸಿಪಲ್) ಎರಡೂ ಒಂದೇ ಆಗಿರುವುದರಿಂದ. ಅನುಮಾನ ಬಂದಾಗ ಅದರ ಜಾಗದಲ್ಲಿ ಎರಡು ರೂಪಗಳೂ ಬೇರೆಬೇರೆ ಇರುವ 'ಗಿವ್' ಇಟ್ಟು ನೋಡಿ. 'ಡಾಕ್ಯುಮೆಂಟ್ಸ್ ಗೇವ್ ಬೈ ದ ಕ್ಯಾಂಡಿಡೇಟ್ಸ್' ಕೂರುವುದಿಲ್ಲ, 'ಗಿವನ್ ಬೈ' ಕೂರುತ್ತದೆ. ಆದ್ದರಿಂದ ಅದು ಕೃದಂತ, 'ಸಲ್ಲಿಸಿದ' ಎಂಬ ಅರ್ಥದ ವಿಶೇಷಣ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಈಗ ಲೆಕ್ಕ. ಪೂರ್ಣ ಕ್ರಿಯಾಪದಗಳು ಎಷ್ಟಿವೆಯೋ ಅದಕ್ಕಿಂತ ಒಂದು ಕಡಿಮೆ ಸೇರಿಸುವ ಪದಗಳಿರಬೇಕು. ಸೇರಿಸುವ ಪದವೆಂದರೆ 'ಆ್ಯಂಡ್', 'ಬಟ್', 'ಬಿಕಾಸ್', 'ಇಫ್', 'ದಟ್', 'ಹೂ', 'ವಿಚ್' ಇಂಥವು. 'ದ ಮ್ಯಾನೇಜರ್ ಸೆಡ್ ದಟ್ ದ ಮೀಟಿಂಗ್ ವಾಸ್ ಪೋಸ್ಟ್‌ಪೋನ್ಡ್ ಬಿಕಾಸ್ ದ ರಿಪೋರ್ಟ್ ವಾಸ್ ನಾಟ್ ರೆಡಿ' ಎಂಬಲ್ಲಿ ಕ್ರಿಯಾಪದ ಮೂರು, ಸೇರಿಸುವ ಪದ ಎರಡು. ಲೆಕ್ಕ ಸರಿಹೋಯಿತು.

'ದ ರಿಪೋರ್ಟ್ ಈಸ್ ರೆಡಿ, ಐ ವಿಲ್ ಸೆಂಡ್ ಇಟ್ ಟುಡೇ' ಎಂಬಲ್ಲಿ ಎರಡು ಕ್ರಿಯಾಪದ, ಸೇರಿಸುವ ಪದ ಸೊನ್ನೆ. ಅಲ್ಪವಿರಾಮಕ್ಕೆ ಎರಡು ವಾಕ್ಯಗಳನ್ನು ಹಿಡಿದಿಡುವ ಬಲವಿಲ್ಲ. ಪೂರ್ಣವಿರಾಮವನ್ನೋ ಅರ್ಧವಿರಾಮವನ್ನೋ ಹಾಕಿ, ಇಲ್ಲವೇ 'ಆ್ಯಂಡ್' ಸೇರಿಸಿ. ಇದಕ್ಕೆ ವಿರುದ್ಧವಾದ ತಪ್ಪೂ ಇದೆ: 'ಆಲ್ದೋ ಇಟ್ ವಾಸ್ ರೈನಿಂಗ್, ಬಟ್ ವಿ ವೆಂಟ್ ಔಟ್.' ಎರಡು ಕ್ರಿಯಾಪದಕ್ಕೆ ಎರಡು ಕೊಂಡಿ, ಒಂದು ಹೆಚ್ಚು. 'ಆಲ್ದೋ' ಉಳಿಸಿ, ಇಲ್ಲವೇ 'ಬಟ್' ಉಳಿಸಿ. 'ಬಿಕಾಸ್' ಎಂದು ಶುರುಮಾಡಿ ನಡುವೆ 'ಸೋ' ಹಾಕುವುದೂ ಇದೇ ಜಾತಿಯದು.

ಕಚೇರಿ ಪತ್ರಗಳಲ್ಲಿ ಕ್ರಿಯಾಪದವೇ ಇಲ್ಲದ ವಾಕ್ಯ ಧಾರಾಳವಾಗಿ ಸಿಗುತ್ತದೆ. 'ವಿಥ್ ರೆಫರೆನ್ಸ್ ಟು ಯುವರ್ ಲೆಟರ್ ಡೇಟೆಡ್ ಫಿಫ್ತ್ ಮೇ' ಎಂದು ಬರೆದು ಪೂರ್ಣವಿರಾಮ ಹಾಕಿರುತ್ತಾರೆ. 'ಡೇಟೆಡ್' ಕೃದಂತ, ಉಳಿದದ್ದರಲ್ಲಿ ಕ್ರಿಯೆಯೇ ಇಲ್ಲ. ಆ ಪೂರ್ಣವಿರಾಮವನ್ನು ಅಲ್ಪವಿರಾಮ ಮಾಡಿ ಮುಂದಿನ ವಾಕ್ಯಕ್ಕೆ ಜೋಡಿಸಿದರೆ ಮುಗಿಯಿತು.

ಒಂದು ಎಚ್ಚರಿಕೆ: ಇಂಗ್ಲಿಷ್ ಕೆಲವೊಮ್ಮೆ ಕೊಂಡಿಯನ್ನು ನುಂಗುತ್ತದೆ. 'ಐ ಥಿಂಕ್ ಹಿ ಲೆಫ್ಟ್', 'ದ ಬುಕ್ ಐ ಬಾಟ್ ಈಸ್ ಲಾಸ್ಟ್' ಎರಡರಲ್ಲೂ 'ದಟ್' ಅಡಗಿದೆ, ಎರಡೂ ಸರಿ. ಲೆಕ್ಕ ತಪ್ಪಿದಾಗ ಅಲ್ಲಿ 'ದಟ್' ಇಟ್ಟು ಓದಿ ನೋಡಿ. ಕೂತರೆ ಚಿಂತೆಯಿಲ್ಲ.

ಕರ್ತೃ ಯಾರು?

ಪ್ರತಿ ಕ್ರಿಯಾಪದಕ್ಕೂ ಅದರ ಕರ್ತೃವನ್ನು ಹುಡುಕಿ. 'ಆಫ್', 'ಇನ್', 'ವಿಥ್', 'ಬೈ' ಮುಂತಾದ ಪದದಿಂದ ಶುರುವಾಗುವ ಗುಂಪನ್ನು ಪೆನ್ಸಿಲ್‌ನಿಂದ ಹೊಡೆದುಹಾಕಿದರೆ ಉಳಿಯುವುದೇ ಯಜಮಾನ ಪದ. 'ಅಲಾಂಗ್ ವಿಥ್' ಮತ್ತು 'ಆ್ಯಸ್ ವೆಲ್ ಆ್ಯಸ್' ಕೂಡ ಹೊಡೆದುಹಾಕುವ ಗುಂಪಿಗೇ ಸೇರಿದವು. 'ದ ಸೆಕ್ರೆಟರಿ, ಅಲಾಂಗ್ ವಿಥ್ ಟೂ ಅಸಿಸ್ಟೆಂಟ್ಸ್, ಈಸ್ ಕಮಿಂಗ್' ಎಂದೇ ಆಗಬೇಕು. ಅದೇ ಜಾಗದಲ್ಲಿ 'ಆ್ಯಂಡ್' ಇದ್ದರೆ 'ಆರ್'.

ಆದರೆ ಪೆನ್ಸಿಲ್ ಕುರುಡಾಗಿ ಓಡಬಾರದು. 'ಎ ಲಾಟ್ ಆಫ್', 'ಮೋಸ್ಟ್ ಆಫ್', 'ಹಾಫ್ ಆಫ್', 'ಸಮ್ ಆಫ್' ಇವು ಅಳತೆಯ ಪದಗಳು. ಇಲ್ಲಿ 'ಆಫ್' ಆದಮೇಲೆ ಬರುವುದೇ ನಿಜವಾದ ಯಜಮಾನ. 'ಮೋಸ್ಟ್ ಆಫ್ ದ ವರ್ಕ್ ಈಸ್ ಡನ್', 'ಮೋಸ್ಟ್ ಆಫ್ ದ ಫೈಲ್ಸ್ ಆರ್ ಕ್ಲೋಸ್ಡ್.' ಇನ್ನೂ ಸೂಕ್ಷ್ಮವಾದದ್ದು 'ನಂಬರ್'. 'ಎ ನಂಬರ್ ಆಫ್ ಕಂಪ್ಲೇಂಟ್ಸ್ ಹ್ಯಾವ್ ಬೀನ್ ರಿಸೀವ್ಡ್' ಎಂದರೆ ಹಲವು ದೂರುಗಳು ಬಂದಿವೆ. 'ದ ನಂಬರ್ ಆಫ್ ಕಂಪ್ಲೇಂಟ್ಸ್ ಹ್ಯಾಸ್ ಗಾನ್ ಅಪ್' ಎಂದರೆ ಏರಿದ್ದು ಸಂಖ್ಯೆ. 'ಎ' ಇದ್ದರೆ ಬಹುವಚನ, 'ದ' ಇದ್ದರೆ ಏಕವಚನ. ಅರ್ಥವನ್ನು ಕನ್ನಡದಲ್ಲಿ ಹೇಳಿಕೊಂಡರೆ ಇದನ್ನು ಬಾಯಿಪಾಠ ಮಾಡಬೇಕಿಲ್ಲ.

'ಒನ್ ಆಫ್ ದ' ಬಂದಾಗ ಮುಂದಿನ ನಾಮಪದ ಬಹುವಚನ, ಕ್ರಿಯಾಪದ ಏಕವಚನ: 'ಒನ್ ಆಫ್ ಮೈ ಫ್ರೆಂಡ್ಸ್ ಈಸ್ ಹಿಯರ್.' 'ಒನ್ ಆಫ್ ಮೈ ಫ್ರೆಂಡ್' ಎಂಬುದು ಎಷ್ಟೇ ಕೇಳಿಬಂದರೂ ತಪ್ಪೇ.

ಕ್ರಿಯಾಪದದ ಸರಪಳಿ

ಸಹಾಯಕ ಕ್ರಿಯಾಪದಗಳು ಸಾಲಾಗಿ ಬಂದಾಗ ಪ್ರತಿಯೊಂದೂ ತನ್ನ ನಂತರದ ಒಂದೇ ಒಂದು ಪದದ ರೂಪವನ್ನು ನಿರ್ಧರಿಸುತ್ತದೆ. 'ಕ್ಯಾನ್', 'ವಿಲ್', 'ಮಸ್ಟ್', 'ಮೈಟ್' ಆದಮೇಲೆ ಮೂಲರೂಪ. 'ಡು', 'ಡಸ್', 'ಡಿಡ್' ಆದಮೇಲೂ ಮೂಲರೂಪ. 'ಹ್ಯಾವ್', 'ಹ್ಯಾಸ್', 'ಹ್ಯಾಡ್' ಆದಮೇಲೆ ಕೃದಂತ. 'ಬಿ' ಕುಟುಂಬದ ನಂತರ, ಕೆಲಸ ನಡೆಯುತ್ತಿದ್ದರೆ 'ಇಂಗ್' ರೂಪ, ಕರ್ಮಣಿಯಾದರೆ ಕೃದಂತ.

'ದ ಫೈಲ್ ಮೈಟ್ ಹ್ಯಾವ್ ಬೀನ್ ಮೂವ್ಡ್' ಎಂಬುದನ್ನು ಜೋಡಿ ಜೋಡಿಯಾಗಿ ನೋಡಿ. 'ಮೈಟ್' ಆದಮೇಲೆ 'ಹ್ಯಾವ್', ಮೂಲರೂಪ, ಸರಿ. 'ಹ್ಯಾವ್' ಆದಮೇಲೆ 'ಬೀನ್', ಕೃದಂತ, ಸರಿ. 'ಬೀನ್' ಆದಮೇಲೆ 'ಮೂವ್ಡ್', ಕರ್ಮಣಿ, ಸರಿ. 'ಡಿಡ್ ನಾಟ್ ವೆಂಟ್' ಮೊದಲ ಜೋಡಿಯಲ್ಲೇ ಮುರಿಯುತ್ತದೆ: ಭೂತಕಾಲವನ್ನು 'ಡಿಡ್' ಆಗಲೇ ಹೊತ್ತಿದೆ, ಇನ್ನೊಮ್ಮೆ ಹೊರುವುದು ಬೇಡ. 'ಮಸ್ಟ್ ಹ್ಯಾವ್ ವೆಂಟ್' ಎರಡನೆಯ ಜೋಡಿಯಲ್ಲಿ ಮುರಿಯುತ್ತದೆ, ಅಲ್ಲಿ 'ಗಾನ್' ಬೇಕು. 'ಐ ಕ್ಯಾನ್ ಏಬಲ್ ಟು' ಎಂಬಲ್ಲಿ 'ಏಬಲ್' ಕ್ರಿಯಾಪದವೇ ಅಲ್ಲ, ವಿಶೇಷಣ. ಒಂದೋ 'ಐ ಕ್ಯಾನ್', ಇಲ್ಲವೇ 'ಐ ಆ್ಯಮ್ ಏಬಲ್ ಟು'.

ಕಾಲದ ವಿಷಯದಲ್ಲಿ ಕನ್ನಡದ ಅಭ್ಯಾಸವೇ ಮೂರು ಕಡೆ ಕೈಕೊಡುತ್ತದೆ. ನಾವು 'ನಿನ್ನೆ ಕಳಿಸಿದ್ದೇನೆ' ಎಂದು ಧಾರಾಳವಾಗಿ ಹೇಳುತ್ತೇವೆ. 'ಐ ಹ್ಯಾವ್ ಸೆಂಟ್ ಇಟ್ ಯೆಸ್ಟರ್‌ಡೇ' ಮಾತ್ರ ನಡೆಯದು. ಇಂಗ್ಲಿಷಿನ 'ಹ್ಯಾವ್ ಸೆಂಟ್' ಈ ಹೊತ್ತಿಗೆ ಕಟ್ಟಿಕೊಂಡ ರೂಪ, ಮುಗಿದುಹೋದ ಸಮಯದ ಪದದ ಜೊತೆ ಅದು ಕೂರುವುದಿಲ್ಲ. 'ಯೆಸ್ಟರ್‌ಡೇ' ತೆಗೆಯಿರಿ, ಅಥವಾ 'ಐ ಸೆಂಟ್' ಎನ್ನಿ. ಎರಡನೆಯದು, '2019ರಿಂದ ಕೆಲಸ ಮಾಡುತ್ತಿದ್ದೇನೆ' ಎಂಬುದನ್ನು 'ಐ ಆ್ಯಮ್ ವರ್ಕಿಂಗ್ ಸಿನ್ಸ್ 2019' ಮಾಡುವುದು. 'ಸಿನ್ಸ್' ಹೀಗೆ ಆರಂಭದ ಕಾಲವನ್ನು ಹೇಳುವಾಗ 'ಹ್ಯಾವ್ ಬೀನ್ ವರ್ಕಿಂಗ್' ಬೇಕು.

ಮೂರನೆಯದು 'ವೆನ್' ಆದಮೇಲೆ 'ವಿಲ್'. 'ವೆನ್ ಯೂ ವಿಲ್ ಕಮ್, ಐ ವಿಲ್ ಗಿವ್ ಇಟ್' ತಪ್ಪು. 'ಟೆಲ್ ಮಿ ವೆನ್ ಯೂ ವಿಲ್ ಕಮ್' ಸರಿ. ವ್ಯತ್ಯಾಸ ಕನ್ನಡಕ್ಕೆ ತಿರುಗಿಸಿದರೆ ತಾನೇ ಹೊರಬೀಳುತ್ತದೆ: ಮೊದಲನೆಯದು 'ಬಂದಾಗ', ಎರಡನೆಯದು 'ಯಾವಾಗ ಬರುತ್ತೀರಿ ಎಂದು'. 'ಬಂದಾಗ' ಎಂಬ ಅರ್ಥವಿದ್ದರೆ 'ವಿಲ್' ಬೇಡ. 'ಬಂದರೆ' ಎಂಬ ಅರ್ಥದ 'ಇಫ್'ಗೂ ಸಾಮಾನ್ಯವಾಗಿ ಇದೇ ನಿಯಮ.

ಇನ್ನೊಂದು, ಪ್ರಶ್ನೆ ಹೇಳಿಕೆಯ ಹೊಟ್ಟೆಯೊಳಗೆ ಸೇರಿದಾಗ ಅದರ ಪದಕ್ರಮ ಹೇಳಿಕೆಯದ್ದೇ ಆಗಬೇಕು. 'ಐ ಡೋಂಟ್ ನೋ ವೇರ್ ಈಸ್ ದ ಫೈಲ್' ಅಲ್ಲ, 'ವೇರ್ ದ ಫೈಲ್ ಈಸ್'.

ಬರಿಮೈಯಲ್ಲಿ ನಿಂತ ನಾಮಪದ

ಇದು ಯಂತ್ರದಂತೆ ಮಾಡಬಹುದಾದ ಪರೀಕ್ಷೆ. ಎಣಿಸಬಹುದಾದ ವಸ್ತುವಿನ ಹೆಸರು ಏಕವಚನದಲ್ಲಿದ್ದರೆ ಅದರ ಮುಂದೆ 'ಎ', 'ಆ್ಯನ್', 'ದ', 'ಮೈ', 'ದಿಸ್', 'ಈಚ್' ಇಂಥದ್ದೊಂದು ಇರಲೇಬೇಕು. 'ಐ ಬಾಟ್ ಬುಕ್' ತಪ್ಪು. 'ಬೈ ಬಸ್', 'ಅಟ್ ಹೋಮ್', 'ಇನ್ ಬೆಡ್' ಮುಂತಾದ ಕೆಲವು ಕಟ್ಟುನುಡಿಗಳಷ್ಟೇ ಇದಕ್ಕೆ ಹೊರತು. 'ಎ'ಯೋ 'ದ'ವೋ ಎಂಬುದು ಮುಂದಿನ ಮಾತು. ಓದುವವರು 'ಯಾವುದು?' ಎಂದು ಕೇಳುವ ಅಗತ್ಯವೇ ಇಲ್ಲದಿದ್ದರೆ 'ದ', ಇನ್ನೂ ಗೊತ್ತಿಲ್ಲದ ಯಾವುದೋ ಒಂದಾದರೆ 'ಎ'. ಈ ಸೂತ್ರ ಎಲ್ಲ ಕಡೆ ಉತ್ತರ ಕೊಡುವುದಿಲ್ಲ, ದಿನಬಳಕೆಯ ಬರಹಕ್ಕೆ ಸಾಕು.

ಎಣಿಕೆಗೆ ಸಿಗದ ಪದಗಳಿಗೆ 'ಎ' ಹಚ್ಚಬಾರದು, ಕೊನೆಗೆ 'ಸ್' ಹಚ್ಚಬಾರದು: 'ಇನ್ಫರ್ಮೇಷನ್', 'ಅಡ್ವೈಸ್', 'ಇಕ್ವಿಪ್‌ಮೆಂಟ್', 'ಫರ್ನಿಚರ್', 'ಲಗೇಜ್', 'ಫೀಡ್‌ಬ್ಯಾಕ್'. ಕನ್ನಡದಲ್ಲಿ 'ಮಾಹಿತಿಗಳು', 'ಸಲಹೆಗಳು' ಎಂದು ಸಲೀಸಾಗಿ ಹೇಳುವುದರಿಂದ ಇಲ್ಲಿ ಮಾತೃಭಾಷೆ ಸಹಾಯಕ್ಕೆ ಬರುವುದಿಲ್ಲ.

'ಎ' ಮತ್ತು 'ಆ್ಯನ್' ನಡುವೆ ಆರಿಸಲು ಮಾತ್ರ ನಮ್ಮ ಲಿಪಿಯಂಥ ಸಾಧನ ಇನ್ನೊಂದಿಲ್ಲ. ಮುಂದಿನ ಪದವನ್ನು ಕನ್ನಡದಲ್ಲಿ ಬರೆಯಿರಿ. ಸ್ವರಾಕ್ಷರದಿಂದ ಶುರುವಾದರೆ 'ಆ್ಯನ್', ವ್ಯಂಜನದಿಂದಾದರೆ 'ಎ'. 'ಅವರ್', 'ಎಂಎಲ್‌ಎ', 'ಆನೆಸ್ಟ್' ಇವಕ್ಕೆ 'ಆ್ಯನ್'. 'ಯೂನಿವರ್ಸಿಟಿ', 'ಯೂನಿಯನ್' ಇವಕ್ಕೆ 'ಎ'. ಇಂಗ್ಲಿಷ್ ಕಾಗುಣಿತವನ್ನು ಮರೆತೇಬಿಡಿ. ಎರಡು ಕಡೆ ಮಾತ್ರ ನಮ್ಮ ಉಚ್ಚಾರಣೆ ದಾರಿತಪ್ಪಿಸುತ್ತದೆ. 'ಒನ್' ಎಂದು ನಾವು ಬರೆದರೂ ಇಂಗ್ಲಿಷಿನಲ್ಲಿ ಅದು 'ವನ್', ಆದ್ದರಿಂದ 'ಎ ಒನ್-ಡೇ ಮ್ಯಾಚ್'. 'ಎಂಟ್ರಿ', 'ಎಗ್' ಇವನ್ನು 'ಯೆಂಟ್ರಿ', 'ಯೆಗ್' ಎಂದು ಉಚ್ಚರಿಸುವವರಿದ್ದಾರೆ. ಬರೆಯುವಾಗ ಅವು 'ಎ'ಕಾರವೇ, 'ಆ್ಯನ್ ಎಂಟ್ರಿ'.

ತೆಗೆದು ನೋಡುವುದು, ಬದಲಿಸಿ ನೋಡುವುದು

'ಹಿ ಕಾಲ್ಡ್ ಮೈ ಬ್ರದರ್ ಆ್ಯಂಡ್ ಐ' ಸರಿಯೇ? ಅಣ್ಣನನ್ನು ತೆಗೆಯಿರಿ. 'ಹಿ ಕಾಲ್ಡ್ ಐ' ಆಗದು, ಆದ್ದರಿಂದ 'ಮಿ'. 'ಹೂ' ಬೇಕೋ 'ಹೂಮ್' ಬೇಕೋ? ಉತ್ತರ 'ಹಿ' ಎಂದಾದರೆ 'ಹೂ', 'ಹಿಮ್' ಎಂದಾದರೆ 'ಹೂಮ್'. ಆಡುಮಾತಿನಲ್ಲಿ 'ಹೂಮ್' ಬಹುಮಟ್ಟಿಗೆ ಮರೆಯಾಗಿದೆ ಎಂಬುದು ಬೇರೆ ಮಾತು. 'ಲುಕ್ ಫಾರ್ವರ್ಡ್ ಟು' ಆದಮೇಲೆ 'ಹಿಯರ್' ಬರಬೇಕೋ 'ಹಿಯರಿಂಗ್' ಬರಬೇಕೋ? 'ಟು' ನಂತರ 'ಇಟ್' ಇಟ್ಟು ನೋಡಿ. 'ಐ ಲುಕ್ ಫಾರ್ವರ್ಡ್ ಟು ಇಟ್' ಕೂರುತ್ತದೆ, ಹಾಗಾಗಿ 'ಹಿಯರಿಂಗ್'. 'ಐ ವಾಂಟ್ ಟು ಇಟ್' ಕೂರುವುದಿಲ್ಲ, ಅಲ್ಲಿ ಮೂಲರೂಪ.

ಈ ಯಾವ ಪರೀಕ್ಷೆಗೂ ಸಿಗದ ಒಂದು ವರ್ಗವಿದೆ. ಅದು ಒಂದೊಂದು ಕ್ರಿಯಾಪದದ ಸ್ವಂತ ಹಟ. 'ಡಿಸ್ಕಸ್' ಆದಮೇಲೆ 'ಅಬೌಟ್' ಬೇಡ, ಆದರೆ 'ಟಾಕ್' ಆದಮೇಲೆ ಬೇಕು. 'ಟೆಲ್ ಮಿ' ಸರಿ, 'ಎಕ್ಸ್‌ಪ್ಲೇನ್ ಮಿ' ತಪ್ಪು, 'ಎಕ್ಸ್‌ಪ್ಲೇನ್ ಇಟ್ ಟು ಮಿ' ಆಗಬೇಕು. 'ಎಂಜಾಯ್' ಆದಮೇಲೆ 'ಇಂಗ್' ರೂಪ, 'ಹೋಪ್' ಆದಮೇಲೆ 'ಟು'. ಇಲ್ಲಿ ತರ್ಕ ಹುಡುಕಿ ಪ್ರಯೋಜನವಿಲ್ಲ, ನಿಘಂಟು ತೆರೆಯಬೇಕು. ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ನಿಘಂಟು ತೆಗೆದುಕೊಳ್ಳಿ. ಅರ್ಥವನ್ನು ಬಿಟ್ಟು, ಅದರ ಕೆಳಗಿನ ಉದಾಹರಣೆ ವಾಕ್ಯಗಳಲ್ಲಿ ಆ ಪದದ ಬೆನ್ನಿಗೆ ಏನು ಬಂದಿದೆ ಎಂದು ನೋಡಿ.

ಎಲ್ಲ ಆಕ್ಷೇಪವೂ ವ್ಯಾಕರಣವಲ್ಲ

ಫ್ರೆಂಚ್ ಭಾಷೆಗೆ 1635ರಿಂದಲೂ ಒಂದು ಅಕಾಡೆಮಿ ಇದೆ. ಇಂಗ್ಲಿಷಿಗೆ ತೀರ್ಪು ಕೊಡುವ ಅಂಥ ಕಚೇರಿಯಿಲ್ಲ. ಅಲ್ಲಿ 'ಸರಿ' ಎಂದರೆ ಆ ಭಾಷೆಯನ್ನು ಚೆನ್ನಾಗಿ ಬಳಸುವವರು ಎಚ್ಚರದಿಂದ ಬರೆಯುವಾಗ ಪಾಲಿಸುವ ಪದ್ಧತಿ. ಹಾಗಾಗಿ ಯಾರಾದರೂ ತಪ್ಪು ಎಂದರೆ ಯಾವ ಬಗೆಯ ತಪ್ಪು ಎಂದು ಕೇಳುವ ಹಕ್ಕು ನಿಮಗಿದೆ.

ವಾಕ್ಯವನ್ನು 'ಆಫ್', 'ಟು' ಇಂಥ ಪದದಿಂದ ಮುಗಿಸಬಾರದು ಎಂಬ ಆಕ್ಷೇಪ 1672ರಲ್ಲಿ ಕವಿ ಜಾನ್ ಡ್ರೈಡನ್ ಎತ್ತಿದ್ದು. 'ಟು' ಮತ್ತು ಕ್ರಿಯಾಪದದ ನಡುವೆ ಬೇರೆ ಪದ ತರಬಾರದು ಎಂಬುದು ಹತ್ತೊಂಬತ್ತನೇ ಶತಮಾನದಲ್ಲಿ ಬಲ ಪಡೆದ ಮಡಿ. ಎರಡನ್ನೂ ಇಂದಿನ ವ್ಯಾಕರಣಕಾರರು ನಿಯಮವೆಂದು ಒಪ್ಪುವುದಿಲ್ಲ. 'ದ ಟೀಮ್ ಆರ್ ಪ್ಲೇಯಿಂಗ್' ಬ್ರಿಟನ್ನಿನಲ್ಲಿ ಸಹಜ, ಅಮೆರಿಕದಲ್ಲಿ 'ಈಸ್' ಬೇಕು. ಇಂಥಲ್ಲಿ ಒಂದು ಪದ್ಧತಿ ಹಿಡಿದು ಕೊನೆಯವರೆಗೂ ಅದನ್ನೇ ಪಾಲಿಸಿದರಾಯಿತು.

ಕಿವಿಗೆ ತಪ್ಪೆನಿಸಿಯೂ ವ್ಯಾಕರಣಕ್ಕೆ ಸರಿಯಿರುವ ವಾಕ್ಯಗಳೂ ಉಂಟು. 'ದ ಬಾಯ್ ಪುಶ್ಡ್ ಪಾಸ್ಟ್ ದ ಗೇಟ್ ಫೆಲ್.' ಹುಡುಗ ತಳ್ಳಿಕೊಂಡು ಹೋದ ಎಂದು ಓದುತ್ತ ಹೋಗಿ ಕೊನೆಯ 'ಫೆಲ್'ಗೆ ಮುಗ್ಗರಿಸುತ್ತೇವೆ. 'ಪುಶ್ಡ್' ಜಾಗದಲ್ಲಿ 'ಗಿವ್' ಜಾತಿಯ, ಎರಡು ರೂಪವಿರುವ 'ಟೇಕ್' ಇಡಿ: 'ದ ಬಾಯ್ ಟೇಕನ್ ಪಾಸ್ಟ್ ದ ಗೇಟ್ ಫೆಲ್.' ಗೇಟಿನಾಚೆ ತಳ್ಳಲ್ಪಟ್ಟ ಹುಡುಗ ಬಿದ್ದ, ಅಷ್ಟೇ. ವ್ಯಾಕರಣ ಗಟ್ಟಿ. ಬರೆದವರು ಓದುವವರ ಮೇಲೆ ಕರುಣೆ ತೋರಿ 'ಹೂ ವಾಸ್' ಸೇರಿಸಬಹುದಿತ್ತು.

ಕಂಪ್ಯೂಟರನ್ನು ಎಷ್ಟು ನಂಬಬೇಕು

ಕಾಗುಣಿತ ತಿದ್ದುವ ಸೌಲಭ್ಯ ವ್ಯಾಕರಣವನ್ನು ನೋಡುವುದೇ ಇಲ್ಲ. ನಿಮ್ಮ ವಾಕ್ಯದ ಪ್ರತಿ ಪದವೂ ನಿಘಂಟಿನಲ್ಲಿದೆ, ಹಾಗಾಗಿ ಕೆಂಪು ಗೆರೆ ಬರಲಿಲ್ಲ. ವ್ಯಾಕರಣ ತಿದ್ದುವ ತಂತ್ರಾಂಶಗಳು ಬಹಳಷ್ಟು ಹಿಡಿಯುತ್ತವೆ, ಆದರೆ ನಿಮ್ಮ ಮನಸ್ಸಿನಲ್ಲಿದ್ದ ಅರ್ಥ ಅವಕ್ಕೆ ಗೊತ್ತಿರುವುದಿಲ್ಲ. ಚಾಟ್‌ಬಾಟ್ ಬಳಸುವುದಾದರೆ 'ಸರಿಯಿದೆಯೇ?' ಎಂದಷ್ಟೇ ಕೇಳಬೇಡಿ, ತಪ್ಪಿಲ್ಲದ ವಾಕ್ಯವನ್ನೂ ಅಂದಗೊಳಿಸಿ ಕೊಟ್ಟುಬಿಡುತ್ತದೆ. 'ಯಾವ ನಿಯಮ ಮುರಿದಿದೆ, ಅತಿ ಕಡಿಮೆ ಬದಲಾವಣೆಯಲ್ಲಿ ತಿದ್ದು' ಎಂದು ಕೇಳಿ.

ಸರ್ಚ್ ಎಂಜಿನ್‌ನಲ್ಲಿ ಹಾಕಿ 'ಇಷ್ಟು ಸಾವಿರ ಕಡೆ ಇದೆ' ಎಂದು ಸಮಾಧಾನಪಡುವವರಿದ್ದಾರೆ. 'ಲಿಸ್ಟ್ ಆಫ್ ಕ್ಯಾಂಡಿಡೇಟ್ಸ್ ಆರ್' ಎಂದು ಹುಡುಕಿದರೆ ಸಿಗುವುದರಲ್ಲಿ 'ದ ನೇಮ್ಸ್ ಆನ್ ದ ಲಿಸ್ಟ್ ಆಫ್ ಕ್ಯಾಂಡಿಡೇಟ್ಸ್ ಆರ್' ಎಂಬಂಥದ್ದೂ ಇರಬಹುದು. ಅಲ್ಲಿ ಯಜಮಾನ 'ನೇಮ್ಸ್', ವಾಕ್ಯ ಸರಿ. ಅದು ನಿಮ್ಮ ವಾಕ್ಯಕ್ಕೆ ಸಾಕ್ಷಿಯಲ್ಲ. ಇದಕ್ಕಿಂತ ಪಠ್ಯಕೋಶಗಳು, ಅಂದರೆ ಜನ ನಿಜವಾಗಿ ಬರೆದ, ಆಡಿದ ಮಾತುಗಳನ್ನು ಹುಡುಕಲು ಬರುವಂತೆ ಒಟ್ಟುಮಾಡಿದ ಸಂಗ್ರಹಗಳು, ಮೇಲು. ಬ್ರಿಟಿಷ್ ನ್ಯಾಷನಲ್ ಕಾರ್ಪಸ್‌ನಲ್ಲಿ ಸುಮಾರು 10 ಕೋಟಿ ಪದಗಳಿವೆ, 1990ರಿಂದೀಚಿನ ಅಮೆರಿಕನ್ ಇಂಗ್ಲಿಷಿನ ಕೋಶ 'ಕೋಕಾ'ದಲ್ಲಿ 100 ಕೋಟಿಗೂ ಹೆಚ್ಚು. ಸಿಕ್ಕ ಸಾಲು ಪತ್ರಿಕೆಯದ್ದೋ, ಮಾತುಕತೆಯದ್ದೋ ಎಂದೂ ಅಲ್ಲಿ ತಿಳಿಯುತ್ತದೆ. ಸಂಖ್ಯೆ ನೋಡಿ ನಿಲ್ಲಿಸದೆ ಹತ್ತು ಸಾಲನ್ನಾದರೂ ಪೂರ್ತಿ ಓದಿ.

ಕೊನೆಯದಾಗಿ, ನಿಮ್ಮ ವಾಕ್ಯ ಸರಿ ಎಂದ ಸಹೋದ್ಯೋಗಿಯ ವಿಷಯ. ಅವರು ಮೇಲ್‌ನ ಜೊತೆ ದಾಖಲೆಗಳೇ ಬಂದಿವೆ ಎಂದುಕೊಂಡು ಬಹುವಚನವನ್ನು ಒಪ್ಪಿರಬಹುದು. ಹಾಗಿದ್ದರೆ 'ಆರ್' ಉಳಿಯಲಿ, ಹೋಗಬೇಕಾದದ್ದು 'ಲಿಸ್ಟ್': 'ದ ಡಾಕ್ಯುಮೆಂಟ್ಸ್ ಸಬ್‌ಮಿಟೆಡ್ ಬೈ ದ ಕ್ಯಾಂಡಿಡೇಟ್ಸ್ ಆರ್ ಅಟ್ಯಾಚ್ಡ್.' ನೀವು ಲಗತ್ತಿಸಿದ್ದು ಪಟ್ಟಿಯನ್ನೋ ದಾಖಲೆಗಳನ್ನೋ ಎಂದು ಆ ಮೇಲ್ ತೆರೆದು ಒಮ್ಮೆ ನೋಡಿ.